ಮಾರುತಿ 800 ಹಳೇ ಕಾರ್ಬುರೇಟರ್ ಎಂಜಿನ್: ಬಿಸಿಯಾದರೆ ಸ್ಟಾರ್ಟ್ ಆಗುವುದಿಲ್ಲ, ಎಂಪಿಎಫ್‌ಐ ಎಂಜಿನ್ ಕೂರಿಸಬಹುದಾ?

ಹರಿಹರ_800
ಎಲ್ಲರಿಗೂ ನಮಸ್ಕಾರ. ಅಪ್ಪನ ಕಾಲದ 1994ರ ಮಾರುತಿ 800 ನಮ್ಮ ಮನೆಯಲ್ಲಿದೆ. ಕಾರ್ಬುರೇಟರ್ ಎಂಜಿನ್, 4 ಗೇರು. ಬೆಳಿಗ್ಗೆ ಚೋಕ್ ಎಳೆದರೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಒಂದು ಗಂಟೆ ಓಡಿಸಿ, ಟೀ ಕುಡಿಯೋಕೆ ನಿಲ್ಲಿಸಿದರೆ ಮುಗಿಯಿತು. ಸೆಲ್ಫ್ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಅರ್ಧ ಗಂಟೆ ಬಿಟ್ಟರೆ ಏನೂ ಆಗದ ಹಾಗೆ ಸ್ಟಾರ್ಟ್ ಆಗುತ್ತದೆ. ಜೊತೆಗೆ ಏರಿನಲ್ಲಿ ಮಿಸ್ಸಿಂಗ್ ಇದೆ, ಎಂಜಿನ್ ತಡವರಿಸುತ್ತದೆ.

ಗ್ಯಾರೇಜಿನವರು "ಎಂಜಿನ್ ಮುಗಿದಿದೆ, ಗುಜರಿಯಿಂದ ಎಂಪಿಎಫ್‌ಐ ಎಂಜಿನ್ ತಂದು ಕೂರಿಸೋಣ" ಅಂತಿದ್ದಾರೆ (ಪೆಟ್ರೋಲ್-ಗಾಳಿ ಬೆರೆಸುವ ಕಾರ್ಬುರೇಟರ್ ಬದಲು ಇಂಜೆಕ್ಟರುಗಳಿಂದ ಪೆಟ್ರೋಲ್ ಚಿಮ್ಮಿಸುವ ಎಂಜಿನ್ ಅದು). ಇದು ಆಗುವ ಕೆಲಸವಾ? ಯಾವುದರ ಎಂಜಿನ್ ಇದಕ್ಕೆ ಹೊಂದುತ್ತದೆ? ಆರ್‌ಸಿ 2024ರಲ್ಲಿ ರಿನ್ಯೂ ಮಾಡಿಸಿದ್ದೇನೆ, ಹಾಗಾಗಿ ಗಾಡಿ ಕೊಡುವ ಮಾತಿಲ್ಲ.

ಬೆಂಗ್ಳೂರ್_ಬಾನೆಟ್
ಗುರು, ತಣ್ಣಗಿದ್ದಾಗ ಒಂದೇ ಸಲಕ್ಕೆ ಸ್ಟಾರ್ಟ್ ಆಗೋ ಎಂಜಿನ್ ಮುಗಿದಿರುವುದು ಹೇಗೆ? ಮೊದಲು ಗ್ಯಾರೇಜ್ ಬದಲಾಯಿಸು.

ಗ್ಯಾರೇಜ್_ಮಾವ
ಬಾನೆಟ್ ಹೇಳಿದ್ದು ಸರಿ. ಕಂಪ್ರೆಷನ್ ಹೋಗಿದ್ದರೆ ತಣ್ಣಗಿದ್ದಾಗಲೇ ಜಾಸ್ತಿ ಕಷ್ಟ ಕೊಡುತ್ತಿತ್ತು. ಹರಿಹರದವರೇ, ಎಂಜಿನ್ ಇಳಿಸುವ ಮಾತು ಬಿಡಿ. ಮುಂದಿನ ಸಲ ನಿಂತಾಗ ಎರಡೇ ಎರಡು ವಿಷಯ ನೋಡಿ: ಕರೆಂಟ್ ಬರುತ್ತಿದೆಯಾ, ಪೆಟ್ರೋಲ್ ಬರುತ್ತಿದೆಯಾ.

ಒಂದು ಪ್ಲಗ್ ಬಿಚ್ಚಿ, ವೈರಿಗೆ ಸಿಕ್ಕಿಸಿ, ಪ್ಲಗ್ ಮೈಯನ್ನು ಎಂಜಿನ್ ಕಬ್ಬಿಣಕ್ಕೆ ತಾಗಿಸಿಡಿ. ಪೆಟ್ರೋಲ್ ಸೋರಿರುವ ಕಡೆಯಿಂದ ದೂರ ಇಡಿ, ಕೈಯಲ್ಲಿ ಹಿಡಿಯಬೇಡಿ. ಯಾರಾದರೂ ಸೆಲ್ಫ್ ಹೊಡೆಯಲಿ. ನೀಲಿ ಕಿಡಿ ಚಟಚಟ ಅಂದರೆ ಕರೆಂಟ್ ಸರಿ. ಹಳದಿ ಕಿಡಿ ಬಂದರೆ ಅಥವಾ ಏನೂ ಬರದಿದ್ದರೆ ಕಿಡಿಗೆ ಕರೆಂಟ್ ಕೊಡುವ ಕಾಯಿಲ್, ಅದರ ಕರೆಂಟ್ ಕಡಿದು ಕೂಡಿಸುವ ಪಾಯಿಂಟ್, ಪಾಯಿಂಟ್ ಸುಡದಂತೆ ಕಾಯುವ ಕಂಡೆನ್ಸರ್, ಇವುಗಳ ಕಡೆ ನೋಡಬೇಕು.

ಕಿಡಿ ಚೆನ್ನಾಗಿದ್ದೂ ಹಿಡಿಯದಿದ್ದರೆ ಪ್ಲಗ್ ತುದಿ ನೋಡಿ. ಒದ್ದೆ ಇದ್ದು ಪೆಟ್ರೋಲ್ ವಾಸನೆ ಹೊಡೆದರೆ ಕಾರ್ಬುರೇಟರ್ ಉಕ್ಕುತ್ತಿದೆ, ಫ್ಲೋಟ್ ನೀಡಲ್ ಸವೆದಿದೆ ಅಂತ. ಒಣಗಿದ್ದರೆ ಪೆಟ್ರೋಲೇ ತಲುಪುತ್ತಿಲ್ಲ, ಪಂಪು ಅಥವಾ ಪೈಪಿನ ಕಥೆ.

ಕೊಪ್ಪ_ಕಾಫಿ
ಇದು ವೇಪರ್ ಲಾಕ್ ಮಾರಾಯ್ರೇ. ನೂರಕ್ಕೆ ನೂರು. ನಿಂತ ಮೇಲೆ ಬಾನೆಟ್ ಒಳಗಿನ ಬಿಸಿಗೆ ಪೈಪಿನ ಪೆಟ್ರೋಲ್ ಆವಿಯಾಗುತ್ತದೆ. ಕ್ಯಾಮ್ ಶಾಫ್ಟ್ ಒತ್ತಿ ನಡೆಸುವ ಪಂಪು ಅದು, ಆವಿಯನ್ನು ಎಳೆಯಲಿಕ್ಕೆ ಅದರ ಕೈಲಾಗುವುದಿಲ್ಲ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ. ನಮ್ಮ ಕಡೆ ಘಾಟಿಯಲ್ಲಿ ಎಲ್ಲರೂ ಮಾಡುವುದು ಅದೇ.

ಗ್ಯಾರೇಜ್_ಮಾವ
ಕೊಪ್ಪದವರೇ, ಪಂಪಿನಲ್ಲಿ ರಿಟರ್ನ್ ಪೈಪ್ ಇದೆಯಲ್ಲ, ಆವಿ ಟ್ಯಾಂಕಿಗೆ ವಾಪಸ್ ಹೋಗಲಿ ಅಂತಲೇ ಅದು ಇರುವುದು. ಆ ಪೈಪ್ ಮಡಚಿದ್ದರೆ ಅಥವಾ ಯಾರೋ ಬಿಚ್ಚಿ ಮುಚ್ಚಿದ್ದರೆ ನಿಮ್ಮ ಮಾತು ನಿಜವಾಗುತ್ತದೆ. ಆದರೆ ನೋಡದೆ ನೂರಕ್ಕೆ ನೂರು ಅನ್ನಬೇಡಿ.

ಕೊಪ್ಪ_ಕಾಫಿ
ಸರಿ, ತೊಂಬತ್ತು.

ಲೆಕ್ಕದ_ಮೇಷ್ಟ್ರು
ಎಂಜಿನ್ ಬದಲಿಸುವ ಮಾತು ಬಂದಿದ್ದರಿಂದ ಇದರ ಜಾತಕ ಹಾಕಿಬಿಡುತ್ತೇನೆ. ಇದು ಸುಜುಕಿಯ ಎಫ್8ಬಿ. 3 ಸಿಲಿಂಡರ್, ಸಿಲಿಂಡರಿಗೆ 2ರಂತೆ 6 ವಾಲ್ವ್, ತಲೆಯ ಮೇಲೆ ಒಂದೇ ಕ್ಯಾಮ್ ಶಾಫ್ಟ್, ಅದನ್ನು ತಿರುಗಿಸಲು ಟೈಮಿಂಗ್ ಬೆಲ್ಟ್. ಬ್ಲಾಕ್ ಎರಕದ ಕಬ್ಬಿಣ, ಹೆಡ್ ಅಲ್ಯೂಮಿನಿಯಂ. ಬೋರ್ 68.5 ಮಿ.ಮೀ., ಸ್ಟ್ರೋಕ್ 72 ಮಿ.ಮೀ. ಲೆಕ್ಕ ಹಾಕಿ ನೋಡಿ, ಸರಿಯಾಗಿ 796 ಸಿಸಿ ಬರುತ್ತದೆ. "800" ಅನ್ನುವುದು ಬಾಯಿಮಾತಿನ ದುಂಡು ಸಂಖ್ಯೆ.

ಶಕ್ತಿ ಸುಮಾರು 37 ಬಿಎಚ್‌ಪಿ, ಟಾರ್ಕ್ 59 ಎನ್‌ಎಂ, ಅದೂ 2500 ಆರ್‌ಪಿಎಂನಲ್ಲೇ. ಗಾಡಿಯ ತೂಕ 650 ಕೆಜಿ ಆಸುಪಾಸು. ಅದಕ್ಕೇ ಊರೊಳಗೆ ಇದರ ಎಳೆತ ಇವತ್ತಿಗೂ ಬೇಸರ ತರಿಸುವುದಿಲ್ಲ.

ಬೆಂಗ್ಳೂರ್_ಬಾನೆಟ್
ಮೇಷ್ಟ್ರೇ, ಶಕ್ತಿ 39.5 ಬಿಎಚ್‌ಪಿ ಅಲ್ವಾ?

ಲೆಕ್ಕದ_ಮೇಷ್ಟ್ರು
ಮೊದಮೊದಲ ಗಾಡಿಗಳಿಗೆ ಆ ಅಂಕಿ ಕೊಡುತ್ತಿದ್ದರು. ಆಮೇಲಿನ ಪುಸ್ತಕಗಳಲ್ಲಿ 37. ಮೂವತ್ತು ವರ್ಷದ ಗಾಡಿಯಲ್ಲಿ ಈಗ ಎಷ್ಟು ಉಳಿದಿದೆಯೋ ಅದೇ ಅದರ ಶಕ್ತಿ.

ಧಾರವಾಡ_ಪೇಡಾ
ಎಂಪಿಎಫ್‌ಐ ಹಾಕ್ರೀ ಸಾರ್. ನಮ್ಮ ಓಣಿಯಲ್ಲಿ ಒಬ್ಬರು ಹಾಕಿಸಿದ್ದಾರೆ, ಚೋಕ್ ಎಳೆಯುವ ಕೆಲಸವೇ ಇಲ್ಲ. ಎರಡೂ 800 ಎಂಜಿನ್ನೇ, ನಟ್ಟು ಬೋಲ್ಟು ಎಲ್ಲ ಕೂರುತ್ತದೆ.

ಶಿರಸಿ_ಓಮ್ನಿ
ಪೇಡಾ ಅವರೇ, ಎಂಜಿನ್ ಕೂರುವುದು ದೊಡ್ಡ ಮಾತಲ್ಲ. ಎಂಪಿಎಫ್‌ಐಗೆ ಇಸಿಯು ಅನ್ನುವ ಕಂಪ್ಯೂಟರ್ ಬೇಕು, ಸೆನ್ಸರುಗಳು ಬೇಕು, ಪೂರ್ತಿ ವೈರಿಂಗ್ ಬೇಕು. ಟ್ಯಾಂಕಿನ ಒಳಗೆ ಕರೆಂಟ್ ಪಂಪು ಬೇಕು, ಹೆಚ್ಚು ಪ್ರೆಶರ್ ತಡೆಯುವ ಪೆಟ್ರೋಲ್ ಪೈಪ್ ಬೇಕು. ಕಾರ್ಬುರೇಟರ್ ಗಾಡಿಯ ರಬ್ಬರ್ ಪೈಪಿಗೆ ಆ ಪ್ರೆಶರ್ ಕೊಟ್ಟರೆ ಬೆಂಕಿಗೆ ಆಹ್ವಾನ ಕೊಟ್ಟ ಹಾಗೆ. ಅರ್ಧ ಗಾಡಿ ಖರ್ಚಾಗುತ್ತದೆ. ನಿಮ್ಮ ಓಣಿಯವರು ಪೂರ್ತಿ ಗುಜರಿ ಗಾಡಿಯನ್ನೇ ತಂದು ಎರಡನ್ನು ಒಂದು ಮಾಡಿರಬೇಕು.

ಇನ್ನೊಂದು ವಿಷಯ. ಎಂಪಿಎಫ್‌ಐ ಅಂದರೆ ಒಂದೇ ಎಂಜಿನ್ ಅಲ್ಲ. 2000ದ ಹೊತ್ತಿಗೆ 5 ಗೇರಿನ 800 ಬಂತಲ್ಲ, ಅದರದು 12 ವಾಲ್ವಿನ ಎಂಜಿನ್, 45 ಬಿಎಚ್‌ಪಿ. ಆಲ್ಟೋದಲ್ಲಿ ಬಂದ ಎಫ್8ಡಿ ಕುಟುಂಬ. ಬೋರು ಸ್ಟ್ರೋಕು ಅದೇ 68.5, 72. ಆದರೆ ಹೆಡ್ಡೇ ಬೇರೆ. ಸಿಸಿ ಒಂದೇ ಇದೆ ಅಂತ ಗ್ಯಾಸ್ಕೆಟ್ ತಂದುಬಿಟ್ಟೀರಿ.

ಹರಿಹರ_800
ಹಾಗಾದರೆ ಓಮ್ನಿ ಎಂಜಿನ್? ಅದೂ ಎಫ್8ಬಿ ತಾನೇ, ಕಾರ್ಬುರೇಟರಿನದೇ ಸಿಗುತ್ತದೆ.

ಶಿರಸಿ_ಓಮ್ನಿ
ಒಳಗಿನ ಸಾಮಾನು ಬಹಳಷ್ಟು ಒಂದೇ. ಪಿಸ್ಟನ್, ರಿಂಗ್, ಬೇರಿಂಗ್ ಕೇಳಿದರೆ ಅಂಗಡಿಯವನು ಎರಡಕ್ಕೂ ಒಂದೇ ಡಬ್ಬಿ ಕೊಡುತ್ತಾನೆ. ಆದರೆ 800ರಲ್ಲಿ ಎಂಜಿನ್ ಅಡ್ಡಕ್ಕೆ ಕೂತಿದೆ, ಮುಂದಿನ ಚಕ್ರ ಎಳೆಯುತ್ತದೆ. ಓಮ್ನಿಯಲ್ಲಿ ಮುಂದಿನ ಸೀಟಿನ ಕೆಳಗೆ ಉದ್ದಕ್ಕೆ ಮಲಗಿದೆ, ಹಿಂದಿನ ಚಕ್ರ ತಳ್ಳುತ್ತದೆ. ಹಾಗಾಗಿ ಆಯಿಲ್ ಸಂಪ್, ಮೌಂಟಿಂಗ್, ಮ್ಯಾನಿಫೋಲ್ಡ್ ಇವೆಲ್ಲ ಬೇರೆ. ಓಮ್ನಿ ಬ್ಲಾಕ್ ತಂದು ನಿಮ್ಮ ಎಂಜಿನಿನ ಹೊರಗಿನ ಸಾಮಾನು ಜೋಡಿಸುತ್ತೇನೆ ಅನ್ನುವ ಮೇಸ್ತ್ರಿಗಳಿದ್ದಾರೆ. ನಿಮ್ಮ ಬ್ಲಾಕ್ ಒಡೆದಿದ್ದರೆ ಮಾತ್ರ ಆ ಸಾಹಸ.

ಬೆಂಗ್ಳೂರ್_ಬಾನೆಟ್
ಹಾಕೋದಾದರೆ ಝೆನ್ ಎಂಜಿನ್ ಹಾಕು ಗುರು! 993 ಸಿಸಿ, 4 ಸಿಲಿಂಡರ್, ಅಲ್ಯೂಮಿನಿಯಂ ಬ್ಲಾಕ್. ರ‍್ಯಾಲಿ ಹುಡುಗರು 800ಕ್ಕೆ ಅದನ್ನೇ ಹಾಕುತ್ತಿದ್ದರು. ಸಿಗ್ನಲ್‌ನಲ್ಲಿ ಹೊಸ ಕಾರಿನವರು ಕಣ್ಣು ಬಿಟ್ಟು ನೋಡಬೇಕು.

ಆರ್‌ಸಿ_ಪುಸ್ತಕ
ಕಣ್ಣು ಬಿಡುವುದು ಆರ್‌ಟಿಓದವರು. ಆರ್‌ಸಿಯಲ್ಲಿ ಎಂಜಿನ್ ನಂಬರ್ ಇರುತ್ತದೆ, ಸಿಸಿ ಇರುತ್ತದೆ. ಅನುಮತಿ ಇಲ್ಲದೆ ಎಂಜಿನ್ ಬದಲಿಸುವುದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್‌ಗೆ ವಿರುದ್ಧ. ಅದೇ ಮಾದರಿಯ ಎಂಜಿನ್ ಹಾಕಿದರೂ ನಂಬರ್ ತಿದ್ದಿಸಬೇಕು, ವಿಮೆಯವರಿಗೂ ತಿಳಿಸಬೇಕು. ಮುಂದಿನ ಎಫ್‌ಸಿಗೆ ಹೋದಾಗ ನಂಬರ್ ತಾಳೆಯಾಗದಿದ್ದರೆ ಗಾಡಿ ಅಲ್ಲೇ ನಿಲ್ಲುತ್ತದೆ. ಗುಜರಿ ಎಂಜಿನ್ ತರುವುದಾದರೆ ಬಿಲ್ ಇಲ್ಲದೆ ಮುಟ್ಟಲೇಬೇಡಿ, ಕದ್ದ ಗಾಡಿಯದಾಗಿದ್ದರೆ ನೀವು ಸ್ಟೇಷನ್ ಮೆಟ್ಟಿಲು ಹತ್ತಬೇಕಾಗುತ್ತದೆ.

ಅಂದಹಾಗೆ 2024ರಲ್ಲೇ ರಿನ್ಯೂ ಮಾಡಿಸಿ ಬಚಾವಾದಿರಿ. ಆಗ ಶುಲ್ಕ 5000 ರೂಪಾಯಿ ಇತ್ತು. 2025ರ ಆಗಸ್ಟ್‌ನಿಂದ 20 ವರ್ಷ ದಾಟಿದ ಕಾರಿಗೆ 10,000 ಆಗಿದೆ. ಹಸಿರು ತೆರಿಗೆ ಬೇರೆ.

ಕೊಪ್ಪ_ಕಾಫಿ
ಹತ್ತು ಸಾವಿರವಾ! ನನ್ನದು ಈ ವರ್ಷ ಬರುತ್ತದೆ.

ಧಾರವಾಡ_ಪೇಡಾ
ಹಸಿರು ತೆರಿಗೆ ಕಟ್ಟಿದ ಮೇಲೆ ಹೊಗೆಯೂ ಹಸಿರು ಆಗುತ್ತದೇನ್ರೀ?

ಆರ್‌ಸಿ_ಪುಸ್ತಕ
ಹೊಗೆಗೆ ಬೇರೆ ಲೆಕ್ಕ ಇದೆ. ಭಾರತ್ ಸ್ಟೇಜ್ 2ಕ್ಕಿಂತ ಹಿಂದಿನ ಪೆಟ್ರೋಲ್ ಕಾರಿಗೆ ಎಮಿಷನ್ ಟೆಸ್ಟಿನಲ್ಲಿ ಕಾರ್ಬನ್ ಮೊನಾಕ್ಸೈಡ್ ಶೇ. 3ರವರೆಗೆ, ಹೈಡ್ರೋಕಾರ್ಬನ್ 1500 ಪಿಪಿಎಂವರೆಗೆ ಬಿಡುತ್ತಾರೆ. ಕಾರ್ಬುರೇಟರ್ ಸರಿ ಇದ್ದರೆ 800 ಆರಾಮವಾಗಿ ಪಾಸಾಗುತ್ತದೆ.

ಹರಿಹರ_800
ಗ್ಯಾರೇಜ್ ಮಾವ ಹೇಳಿದ ಹಾಗೆ ನೋಡಿದೆ. ಭಾನುವಾರ ದಾವಣಗೆರೆಗೆ ಹೋಗಿ ಬಂದು, ಮನೆ ಮುಂದೆ ನಿಲ್ಲಿಸಿ ಕಾಲು ಗಂಟೆ ಬಿಟ್ಟು ಸೆಲ್ಫ್ ಹೊಡೆಸಿದೆ. ಹಿಡಿಯಲಿಲ್ಲ. ಪ್ಲಗ್ ತೆಗೆದು ನೋಡಿದರೆ ಕಿಡಿ ಒಮ್ಮೆ ಹಳದಿ, ಒಮ್ಮೆ ಇಲ್ಲವೇ ಇಲ್ಲ. ಪ್ಲಗ್ ತುದಿ ಒದ್ದೆ ಇತ್ತು. ಕಾಯಿಲ್ ಮುಟ್ಟಿದರೆ ಕೈ ಸುಡುವಷ್ಟು ಬಿಸಿ. ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದೆ, ಒಳಗೆ ಪಾಯಿಂಟ್ ಇದೆ, ಮೇಲೆ ಸ್ವಲ್ಪ ಗುಳಿ ಬಿದ್ದಿದೆ.

ಗ್ಯಾರೇಜ್_ಮಾವ
ಸಿಕ್ಕಿತಲ್ಲ! ಕಿಡಿ ಇಲ್ಲದೆ ಪೆಟ್ರೋಲ್ ಉರಿಯಲಿಲ್ಲ, ಅದಕ್ಕೇ ಪ್ಲಗ್ ಒದ್ದೆ. ಕಾಯಿಲ್ ಒಳಗಿನ ಸುತ್ತು ಬಿಸಿಯಾದಾಗ ಕೈಕೊಡುತ್ತಿದೆ, ತಣ್ಣಗಾದಾಗ ಸರಿಹೋಗುತ್ತಿದೆ. ತಣ್ಣಗಿದ್ದಾಗ ಮೀಟರ್ ಹಿಡಿದು ನೋಡಿದರೆ ಗೊತ್ತೇ ಆಗುವುದಿಲ್ಲ, ಬಿಸಿಯಲ್ಲೇ ನೋಡಬೇಕು. ಪಾಯಿಂಟ್ ಸುಟ್ಟಿದ್ದರೆ ಕಂಡೆನ್ಸರನ್ನೂ ಸೇರಿಸಿ ಬದಲಿಸಿ, ಅದೇನು ದೊಡ್ಡ ಖರ್ಚಲ್ಲ. ಪಾಯಿಂಟ್ ಗ್ಯಾಪ್ 0.4ರಿಂದ 0.5 ಮಿ.ಮೀ. ಫೀಲರ್ ಗೇಜ್ ಇಟ್ಟೇ ಹಾಕಿಸಿ. ಬ್ಲೇಡಿನ ಅಂದಾಜಿನಲ್ಲಿ ಹಾಕುವವರಿದ್ದಾರೆ, ಬೇಡ. ಗ್ಯಾಪ್ ಬದಲಾದರೆ ಟೈಮಿಂಗ್ ಬದಲಾಗುತ್ತದೆ, ಹಾಗಾಗಿ ಟೈಮಿಂಗನ್ನೂ ನೋಡಿಸಿ.

ಇನ್ನೊಂದು. ಇಗ್ನಿಷನ್ ಆನ್ ಮಾಡಿಟ್ಟು ಹಾಡು ಕೇಳುತ್ತಾ ಕೂರಬೇಡಿ. ಪಾಯಿಂಟ್ ಮುಚ್ಚಿಕೊಂಡು ನಿಂತಿದ್ದರೆ ಕಾಯಿಲ್ ಸುಮ್ಮನೆ ಸುಡುತ್ತಿರುತ್ತದೆ.

ಲೆಕ್ಕದ_ಮೇಷ್ಟ್ರು
ವೈರ್ ಬಿಚ್ಚುವಾಗ ಗುರುತು ಮಾಡಿಕೊಳ್ಳಿ. ಇದರ ಫೈರಿಂಗ್ ಆರ್ಡರ್ 1-3-2. ನನ್ನ ಭಾವಮೈದ ಕ್ಯಾಪ್ ಒರೆಸಿ 1-2-3 ಅಂತ ಸಾಲಾಗಿ ಸಿಕ್ಕಿಸಿದ್ದ. ಕಾರ್ಬುರೇಟರಿನಿಂದ ಢಂ ಅಂತ ಸದ್ದು ಬಂದಿದ್ದಕ್ಕೆ ಬೀದಿಯವರೆಲ್ಲ ಗೇಟಿಗೆ ಬಂದರು.

ಕೊಪ್ಪ_ಕಾಫಿ
ಸರಿ, ಕಾಯಿಲ್ ಇರಬಹುದು. ಏರಿನಲ್ಲಿ ಮಿಸ್ಸಿಂಗ್‌ಗೆ ಏನು ಹೇಳುತ್ತೀರಿ? ಅದು ಪೆಟ್ರೋಲಿನದೇ, ನನ್ನ ಮಾತು ಬರೆದಿಟ್ಟುಕೊಳ್ಳಿ.

ಹರಿಹರ_800
ಕಾಯಿಲ್, ಪಾಯಿಂಟ್, ಕಂಡೆನ್ಸರ್ ಹೊಸದು ಹಾಕಿಸಿದೆ. ಬಿಸಿಯಲ್ಲಿ ನಿಲ್ಲಿಸಿದರೂ ಈಗ ತಕ್ಷಣ ಹಿಡಿಯುತ್ತಿದೆ. ಎಲ್ಲರಿಗೂ ಥ್ಯಾಂಕ್ಸ್. ಆದರೆ ಕೊಪ್ಪದವರು ಹೇಳಿದ್ದು ನಿಜ, ಏರಿನಲ್ಲಿ ಮಿಸ್ಸಿಂಗ್ ಹೋಗಿಲ್ಲ. ಮೂರನೇ ಗೇರಿನಲ್ಲಿ ಪೂರ್ತಿ ಎಕ್ಸಿಲರೇಟರ್ ಒತ್ತಿದರೆ ತಡವರಿಸುತ್ತದೆ. ಅರ್ಧ ಚೋಕ್ ಎಳೆದರೆ ಆಶ್ಚರ್ಯ, ಸರಿಯಾಗಿ ಎಳೆಯುತ್ತದೆ!

ಕೊಪ್ಪ_ಕಾಫಿ
😎

ಗ್ಯಾರೇಜ್_ಮಾವ
ಚೋಕ್ ಎಳೆದರೆ ಸರಿಹೋಗುತ್ತದೆ ಅಂದರೆ ಪೆಟ್ರೋಲ್ ಸಾಲುತ್ತಿಲ್ಲ, ಗಾಳಿ ಜಾಸ್ತಿಯಾಗಿದೆ. ಪೆಟ್ರೋಲ್ ಫಿಲ್ಟರ್ ಮೊದಲು, ಅದು ಕಡಿಮೆ ಖರ್ಚು. ಆಮೇಲೆ ಪಂಪಿನ ಡಯಾಫ್ರಮ್. ಆಮೇಲೆ ಕಾರ್ಬುರೇಟರ್ ಬುಡದ ಗ್ಯಾಸ್ಕೆಟ್ ಮತ್ತು ವ್ಯಾಕ್ಯೂಮ್ ಹೋಸುಗಳು, ಅಲ್ಲಿ ಬಿರುಕಿದ್ದರೆ ಗಾಳಿ ಕಳ್ಳದಾರಿಯಲ್ಲಿ ಒಳಗೆ ಹೋಗುತ್ತದೆ. ಕೊನೆಗೆ ಜೆಟ್ ಕ್ಲೀನಿಂಗ್. ಜೆಟ್ ಒಳಗೆ ತಂತಿ ಹಾಕಲು ಬಿಡಬೇಡಿ, ತೂತು ದೊಡ್ಡದಾಗುತ್ತದೆ. ಗಾಳಿ ಹೊಡೆದರೆ ಸಾಕು.

ಲೆಕ್ಕದ_ಮೇಷ್ಟ್ರು
ಈಗಿನ ಇ20, ಅಂದರೆ ಎಥೆನಾಲ್ ಬೆರೆಸಿದ ಪೆಟ್ರೋಲಿನ ಪಾತ್ರವೂ ಇದೆ. ಒಂದು ಲೀಟರ್ ಎಥೆನಾಲ್‌ನಲ್ಲಿ ಇರುವ ಶಕ್ತಿ ಪೆಟ್ರೋಲಿನ ಮೂರನೇ ಎರಡರಷ್ಟು. ಶೇ. 20 ಬೆರೆಸಿದರೆ ಲೀಟರಿಗೆ ಶೇ. 6-7ರಷ್ಟು ಶಕ್ತಿ ಕಡಿಮೆ. ಜೊತೆಗೆ ಎಥೆನಾಲ್‌ನಲ್ಲೇ ಆಮ್ಲಜನಕ ಇರುವುದರಿಂದ ಅದೇ ಜೆಟ್ಟಿನಲ್ಲಿ ಮಿಶ್ರಣ ತೆಳುವಾಗುತ್ತದೆ. ಆಕ್ಸಿಜನ್ ಸೆನ್ಸರ್ ಇರುವ ಎಂಪಿಎಫ್‌ಐ ಗಾಡಿ ಇದನ್ನು ತಾನೇ ಸರಿಮಾಡಿಕೊಳ್ಳುತ್ತದೆ. 1994ರ ಕಾರ್ಬುರೇಟರಿಗೆ ಏನು ಗೊತ್ತು? ಮೊದಲೇ ಫಿಲ್ಟರ್ ಕಟ್ಟಿದ್ದರೆ ಏರಿನಲ್ಲಿ ತಡವರಿಸದೆ ಇನ್ನೇನು ಮಾಡೀತು.

ಧಾರವಾಡ_ಪೇಡಾ
ನೋಡ್ರೀ, ಅದಕ್ಕೇ ನಾನು ಎಂಪಿಎಫ್‌ಐ ಅಂದದ್ದು.

ಶಿರಸಿ_ಓಮ್ನಿ
ಒಂದು ಫಿಲ್ಟರ್ ಬದಲಿಸುವ ಕೆಲಸಕ್ಕೆ ಎಂಜಿನ್ ಬದಲಿಸಿ ಅಂತೀರಲ್ಲ ಪೇಡಾ ಅವರೇ.

ಮರಳುಗಾಡು
ದುಬೈನಿಂದ ಬರೆಯುತ್ತಿದ್ದೇನೆ. ನಮ್ಮ ಕಂಪನಿಯ ವರ್ಕ್‌ಶಾಪಿನಲ್ಲಿ ಲಾಹೋರಿನ ಮೆಕ್ಯಾನಿಕ್ ಒಬ್ಬರಿದ್ದಾರೆ. ಅವರಿಗೆ ಎಫ್8ಬಿ ಅಂದರೆ ಪ್ರಾಣ. ಅವರ ಊರಿನ ಸುಜುಕಿ ಮೆಹ್ರಾನ್ ಇದೇ ಎಂಜಿನ್ನು, ಅಲ್ಲಿ 2019ರವರೆಗೂ ತಯಾರಾಗುತ್ತಿತ್ತು. ನಮ್ಮ 800 ನಿಂತಿದ್ದೇ 2014ರಲ್ಲಿ. ಗಡಿಯ ಆಚೆ ಈಚೆ ಒಂದೇ ಟ್ಯಾಪೆಟ್ ಸದ್ದು ಅಂತ ನಗುತ್ತಿರುತ್ತೇವೆ. ಡೇವೂ ಮಾಟಿಝ್‌ದೂ ಇದರ ಸಂಬಂಧಿಯೇ, 68.5 ಮತ್ತು 72, ಅದೇ 796 ಸಿಸಿ.

ಬೆಂಗ್ಳೂರ್_ಬಾನೆಟ್
ಹಾಗಾದರೆ ಮಾಟಿಝ್ ಸಾಮಾನು 800ಕ್ಕೆ ಆಗುತ್ತಾ?

ಮರಳುಗಾಡು
ಸಂಬಂಧಿ ಅಂದೆ, ಅವಳಿ ಅನ್ನಲಿಲ್ಲ. ಮಾಟಿಝ್ ಎಂಜಿನನ್ನು ಡೇವೂ ತನಗೆ ಬೇಕಾದ ಹಾಗೆ ಬದಲಿಸಿಕೊಂಡಿದೆ. ಮಾಟಿಝ್ ಸಾಮಾನೇ ಈಗ ಹುಡುಕಬೇಕು, ಅದರಿಂದ 800 ರಿಪೇರಿ ಮಾಡುವುದು ಯಾಕೆ? 800ರದು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಈಗಲೂ ಸಿಗುತ್ತದಲ್ಲ.

ಹೊಸ_ಚಾಲಕಿ
ಮಧ್ಯೆ ಬಂದೆ, ಬೇಜಾರಾಗಬೇಡಿ. ನಾನು ಹೋದ ತಿಂಗಳು 1998ರ 800 ತಗೊಂಡೆ. ಟ್ರಾಫಿಕ್‌ನಲ್ಲಿ ಬಿಸಿ ಮುಳ್ಳು ಮೇಲೆ ಹೋಗುತ್ತದೆ. ಮೆಕ್ಯಾನಿಕ್ ಅಣ್ಣ "ಥರ್ಮೋಸ್ಟ್ಯಾಟ್ ತೆಗೆದು ಬಿಸಾಡೋಣ, ಎಲ್ಲರೂ ಹಾಗೇ ಮಾಡೋದು" ಅಂದರು. ಮಾಡಿಸಲಾ?

ಕೊಪ್ಪ_ಕಾಫಿ
ಮಾಡಿಸಿ. ನನ್ನದರಲ್ಲಿ ಹದಿನೈದು ವರ್ಷದಿಂದ ಇಲ್ಲ. ಏನೂ ಆಗಿಲ್ಲ.

ಗ್ಯಾರೇಜ್_ಮಾವ
ಬೇಡಮ್ಮಾ. ಕೊಪ್ಪದವರಿಗೆ ಏನೂ ಆಗಿಲ್ಲ ಅನ್ನುವುದು ಅವರ ಮೈಲೇಜ್ ಕೇಳಿದರೆ ಗೊತ್ತಾಗುತ್ತದೆ. ಥರ್ಮೋಸ್ಟ್ಯಾಟ್ ಇಲ್ಲದಿದ್ದರೆ ಎಂಜಿನ್ ಬೇಗ ಬಿಸಿಯಾಗುವುದಿಲ್ಲ, ಮಲೆನಾಡಿನ ಚಳಿಯಲ್ಲಂತೂ ತಣ್ಣಗೇ ಓಡುತ್ತದೆ. ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಬೋರ್ ಬೇಗ ಸವೆಯುತ್ತದೆ.

ಟ್ರಾಫಿಕ್‌ನಲ್ಲಿ ಮಾತ್ರ ಮುಳ್ಳು ಏರಿ, ಓಡುವಾಗ ಇಳಿದರೆ ಫ್ಯಾನ್ ನೋಡಿ. 800ರಲ್ಲಿ ಅದು ಕರೆಂಟ್ ಫ್ಯಾನು. ನಿಲ್ಲಿಸಿ ಐಡ್ಲಿಂಗ್‌ನಲ್ಲಿ ಬಿಡಿ, ಬಿಸಿಯಾದಾಗ ಫ್ಯಾನ್ ತಾನೇ ತಿರುಗಬೇಕು. ತಿರುಗದಿದ್ದರೆ ಥರ್ಮೋ ಸ್ವಿಚ್, ಫ್ಯೂಸ್, ಫ್ಯಾನ್ ಮೋಟಾರ್, ಈ ಮೂರರಲ್ಲಿ ಒಂದು. ಫ್ಯಾನ್ ಸರಿ ಇದ್ದರೆ ರೇಡಿಯೇಟರ್ ಕಟ್ಟಿದೆ. ನಲ್ಲಿ ನೀರು ತುಂಬುವುದನ್ನು ನಿಲ್ಲಿಸಿ ಕೂಲೆಂಟ್ ಹಾಕಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ.

ಇದನ್ನು ನಿರ್ಲಕ್ಷ್ಯ ಮಾಡಿದರೆ ಅಲ್ಯೂಮಿನಿಯಂ ಹೆಡ್ ಬಾಗುತ್ತದೆ. ಆಮೇಲೆ ಹೆಡ್ ಗ್ಯಾಸ್ಕೆಟ್, ಹೆಡ್ ಫೇಸಿಂಗ್ ಅಂತ ದೊಡ್ಡ ಬಿಲ್. ನೀರು ಸುಮ್ಮನೆ ಕಡಿಮೆಯಾಗುವುದು, ರೇಡಿಯೇಟರಿನಲ್ಲಿ ಗುಳ್ಳೆ ಏಳುವುದು, ಆಯಿಲ್ ಕಾಫಿ ಬಣ್ಣಕ್ಕೆ ತಿರುಗುವುದು, ಇವು ಕಂಡರೆ ಗಾಡಿ ಓಡಿಸಬೇಡಿ.

ಕೊಪ್ಪ_ಕಾಫಿ
ನನ್ನ ಮೈಲೇಜ್ ಬಗ್ಗೆ ಇಲ್ಲಿ ಯಾಕೆ ಮಾತು?

ಧಾರವಾಡ_ಪೇಡಾ
ಹೇಳ್ರೀ ಎಷ್ಟು ಕೊಡುತ್ತದೆ?

ಕೊಪ್ಪ_ಕಾಫಿ
ಘಾಟಿ ರಸ್ತೆ ಮಾರಾಯ್ರೇ. ಘಾಟಿಯಲ್ಲಿ ಮೈಲೇಜ್ ಕೇಳಬಾರದು.

ಹೊಸ_ಚಾಲಕಿ
ಫ್ಯೂಸ್ ಹೋಗಿತ್ತು ಮಾವ! ಬದಲಿಸಿದ ಮೇಲೆ ಫ್ಯಾನ್ ತಿರುಗುತ್ತಿದೆ. ಟೈಮಿಂಗ್ ಬೆಲ್ಟ್ ಯಾವಾಗ ಹಾಕಿಸಿದ್ದರೋ ಹಿಂದಿನ ಓನರಿಗೇ ಗೊತ್ತಿಲ್ಲವಂತೆ.

ಗ್ಯಾರೇಜ್_ಮಾವ
ಗೊತ್ತಿಲ್ಲ ಅಂದರೆ ಬದಲಿಸಿ ಅಂತಲೇ ಅರ್ಥ. ಕಿಲೋಮೀಟರ್ ಓಡದಿದ್ದರೂ ರಬ್ಬರ್ ಹಳೆಯದಾಗುತ್ತದೆ. ಬೆಲ್ಟ್ ಬಿಚ್ಚಿದಾಗ ಟೆನ್ಷನರ್, ಆಯಿಲ್ ಸೀಲುಗಳನ್ನೂ ನೋಡಿಸಿ. ಸೀಲ್ ಸೋರಿ ಆಯಿಲ್ ಬಿದ್ದರೆ ಹೊಸ ಬೆಲ್ಟೂ ಹಾಳು. ಫ್ಯೂಸ್ ಮತ್ತೆ ಸುಟ್ಟರೆ ಫ್ಯಾನ್ ಮೋಟಾರ್ ಬಿಗಿಯಾಗಿದೆ ಅಂತ ತಿಳಿಯಿರಿ, ದಪ್ಪ ಫ್ಯೂಸ್ ಹಾಕಿ ಸುಮ್ಮನಾಗಬೇಡಿ.

ಹರಿಹರ_800
ಫಿಲ್ಟರ್ ಬದಲಿಸಿದೆ. ಹಳೆಯದನ್ನು ಬಿಳಿ ತಟ್ಟೆಗೆ ಕೊಡವಿದರೆ ಕೆಂಪು ತುಕ್ಕಿನ ಪುಡಿ ಬಿತ್ತು. ಮಿಸ್ಸಿಂಗ್ ಮುಕ್ಕಾಲು ಪಾಲು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಟ್ಯಾಂಕ್ ಇಳಿಸಿ ತೊಳೆಸಬೇಕು ಅನ್ನಿಸುತ್ತದೆ.

ಶಿರಸಿ_ಓಮ್ನಿ
ತೊಳೆಸಿ. ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತದೆ, ವಾರಗಟ್ಟಲೆ ನಿಲ್ಲಿಸುವ ಗಾಡಿಯ ಟ್ಯಾಂಕಿಗೆ ಒಳ್ಳೆಯದಲ್ಲ. ಟ್ಯಾಂಕ್ ಇಳಿಸಿದಾಗ ಹಳೇ ರಬ್ಬರ್ ಹೋಸುಗಳನ್ನೂ ಕಿತ್ತು ಬಿಸಾಡಿ. ಆ ಕಾಲದ ರಬ್ಬರ್ ಈ ಪೆಟ್ರೋಲಿಗೆ ಊದಿಕೊಳ್ಳುತ್ತದೆ, ಬಿರಿಯುತ್ತದೆ. ಎಸ್‌ಎಇ ಜೆ30 ಆರ್9 ಅಂತ ಮೈಮೇಲೆ ಮುದ್ರೆ ಇರುವ ಹೋಸ್ ಕೇಳಿ.

ಹರಿಹರ_800
ಅಳತೆ ಏನು ಹೇಳಬೇಕು?

ಶಿರಸಿ_ಓಮ್ನಿ
ಹೋಗುವ ಪೈಪ್, ವಾಪಸ್ ಬರುವ ಪೈಪ್ ಎರಡರಿಂದಲೂ ಒಂದೊಂದು ತುಂಡು ಕತ್ತರಿಸಿಕೊಂಡು ಅಂಗಡಿಗೆ ಹೋಗಿ. ಎರಡೂ ಒಂದೇ ದಪ್ಪ ಅಂದುಕೊಳ್ಳಬೇಡಿ. ಕ್ಲಿಪ್‌ಗಳನ್ನೂ ಹೊಸದೇ ತನ್ನಿ.

ಬೆಂಗ್ಳೂರ್_ಬಾನೆಟ್
ಕಾರ್ಬುರೇಟರ್ ಕಿಟ್ ಬೇಕಾದರೆ ಹೇಳು ಗುರು, ಶನಿವಾರ ಜೆ.ಸಿ. ರಸ್ತೆ ಕಡೆ ಹೋಗುತ್ತಿದ್ದೇನೆ. ಕಾರ್ಬುರೇಟರ್ ಮೇಲಿರುವ ನಂಬರಿನ ಫೋಟೋ ಕಳಿಸು, ಬಾಯಲ್ಲಿ ಹೇಳಿದರೆ ಓಮ್ನಿಯದು ಕೊಟ್ಟುಬಿಡುತ್ತಾರೆ.

ಹರಿಹರ_800
ಇವತ್ತೇ ಸಂಜೆ ಕಳಿಸುತ್ತೇನೆ. ಬುಡದ ಗ್ಯಾಸ್ಕೆಟ್ಟೂ ಎರಡು ತನ್ನಿ, ಒಂದು ಡಿಕ್ಕಿಯಲ್ಲಿ ಇರಲಿ.